ನಮ್ಮೂರಿನ ಮೊದಲ ಕೈಗಾರಿಕೆ ಅಕ್ಕಿ ಗಿರಣಿಯಲ್ಲ



ನಮ್ಮ ಊರಿನ ಬಗ್ಗೆ ಹೊರತರಬೇಕೆಂದಿರುವ ನೆನಪಿನ ಸಂಚಿಕೆಯ ಕರಡು ಪ್ರತಿ ನನ್ನ ಕೈ ಸೇರಿ ಹದಿನೈದು ದಿನಗಳಾದವು. ಅದಕ್ಕೆ ಮುನ್ನುಡಿ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಹುಡುಗರು ಕೇಳಿದ್ದಾರೆ. (ಹುಡುಗರೆಂದರೆ ಐವತ್ತರ ಆಸುಪಾಸಿನವರು, ನನ್ನ ಕಣ್ಣಿಗೆ ಇನ್ನೂ ಹತ್ತನೆಯ ತರಗತಿಯ ಎರಡನೆಯ ಬೆಂಚಿನವರೇ.) ದೇವಸ್ಥಾನದ ಅಧ್ಯಾಯ ಚೆನ್ನಾಗಿದೆ. ಕೆರೆಯ ಅಧ್ಯಾಯ ಅದಕ್ಕಿಂತ ಚೆನ್ನಾಗಿದೆ. ಆದರೆ 'ಉದ್ಯಮ ಮತ್ತು ವ್ಯಾಪಾರ' ಎಂಬ ಐದನೆಯ ಅಧ್ಯಾಯ ಈಗಿರುವಂತೆಯೇ ಅಚ್ಚಾಗುವುದಾದರೆ ನಾನು ಮುನ್ನುಡಿ ಬರೆಯಲಾರೆ. ಇದನ್ನು ದೂರವಾಣಿಯಲ್ಲಿ ಹೇಳಿದಾಗ, "ಸಾರ್, ಒಂದು ವಾಕ್ಯಕ್ಕೆ ಇಷ್ಟು ಕೋಪವೇ?" ಎಂದರು. ಕೋಪ ಆ ಒಂದು ವಾಕ್ಯದ ಮೇಲೆಯೇ. ಸಂಚಿಕೆಗೆ ನಿಮ್ಮಲ್ಲಿ ಅನೇಕರು ಹಣ ಕೊಟ್ಟಿರುವುದರಿಂದ ನನ್ನ ತಕರಾರು ಏನೆಂಬುದು ನಿಮಗೂ ತಿಳಿಯಬೇಕು.

ವಿದ್ಯುತ್ತು ಬಂದು ಅಕ್ಕಿ ಗಿರಣಿ ಆರಂಭವಾಗುವವರೆಗೆ ನಮ್ಮ ಜನರಿಗೆ ಬೇಸಾಯವೊಂದನ್ನು ಬಿಟ್ಟರೆ ಬೇರೆ ಉದ್ಯಮದ ಪರಿಚಯವೇ ಇರಲಿಲ್ಲ ಎಂಬುದು ಆ ಅಧ್ಯಾಯದ ಮೊದಲ ವಾಕ್ಯ. ಅಲ್ಲಿಂದ ಮುಂದೆ ಗಿರಣಿಯ ಸ್ಥಾಪಕರ ಭಾವಚಿತ್ರ, ಅನಂತರ ಸೀಮೆಎಣ್ಣೆ ಡಿಪೋ, ರಸಗೊಬ್ಬರದ ಅಂಗಡಿ, ಇಟ್ಟಿಗೆ ಗೂಡು, ಕಡೆಗೆ ಜಾಹೀರಾತು ಕೊಟ್ಟವರ ಚಿತ್ರಗಳು. ಹೀಗೆ ನಮ್ಮೂರಿನ ಉದ್ಯಮದ ಇತಿಹಾಸ ಸುಮಾರು ಅರವತ್ತು ವರ್ಷಗಳಿಗೆ ಮುಗಿದುಹೋಗಿದೆ. ಅದಕ್ಕೂ ಹಿಂದೆ ಇದ್ದವರೆಲ್ಲ ನೇಗಿಲು ಹಿಡಿದು ಆಕಾಶ ನೋಡುತ್ತಿದ್ದರು ಎಂದು ಓದುಗನು ತಿಳಿಯಬೇಕು. ಇದು ಅಪ್ಪಟ ಸುಳ್ಳು. ಬರೆದವರು ಬೇಕೆಂದು ಸುಳ್ಳು ಹೇಳಿದ್ದಾರೆಂದು ನಾನು ಹೇಳುತ್ತಿಲ್ಲ. ಹಳ್ಳಿಯೆಂದರೆ ಕೃಷಿ, ಪಟ್ಟಣವೆಂದರೆ ಕೈಗಾರಿಕೆ ಎಂದು ಪಠ್ಯಪುಸ್ತಕದಲ್ಲಿ ಎರಡು ಗೆರೆ ಎಳೆದು ತುಂಬಿಸಲು ಕಲಿಸಿದೆವಲ್ಲ, ಆ ಗೆರೆಗಳು ಅವರ ತಲೆಯಿಂದ ಇನ್ನೂ ಅಳಿಸಿಲ್ಲ.

ಉದ್ಯಮವೆಂದರೆ ಏನು? ಕಚ್ಚಾವಸ್ತು ಒಂದು ಕಡೆಯಿಂದ ಬರಬೇಕು. ಅದನ್ನು ಬೇರೊಂದು ವಸ್ತುವಾಗಿ ಮಾರ್ಪಡಿಸುವ ವಿದ್ಯೆ ಬೇಕು. ಆ ಕೆಲಸ ಹಲವರಲ್ಲಿ ಹಂಚಿಹೋಗಿರಬೇಕು. ಸಿದ್ಧವಾದ ಸರಕು ಮಾಡಿದವನ ಮನೆಯಲ್ಲೇ ಉಳಿಯದೆ ಸಂತೆಗೆ ಹೋಗಿ ಮಾರಾಟವಾಗಬೇಕು. ಇಷ್ಟನ್ನು ಒಪ್ಪುವುದಾದರೆ ಗಿರಣಿಗಿಂತ ನೂರೈವತ್ತು ವರ್ಷಗಳಿಗೂ ಹಿಂದೆ ನಮ್ಮ ಸೀಮೆಯಲ್ಲಿ ಉದ್ಯಮವಿದ್ದುದಕ್ಕೆ ಬರಹದ ಸಾಕ್ಷಿಯೇ ಇದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಮರುವರ್ಷವೇ, ಅಂದರೆ 1800ರ ಏಪ್ರಿಲ್‌ನಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನೆಲ್ಲ ಸುತ್ತಿದನು. ಅವನ ಪ್ರವಾಸದ ಬರಹ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಆ ಪ್ರವಾಸದಲ್ಲಿ ಅವನು ಶಿರಾ, ಮಧುಗಿರಿಗಳ ಮಾರ್ಗವಾಗಿ ನಮ್ಮ ಕಡೆಗೂ ಬಂದನು. ನಾವೆಲ್ಲ ಸಿ.ಎನ್. ದುರ್ಗವೆಂದು ಕರೆಯುವ ಚನ್ನರಾಯನದುರ್ಗದ ಸುತ್ತಿನಲ್ಲಿ ಕಬ್ಬಿಣ ಕರಗಿಸುತ್ತಿದ್ದುದನ್ನೂ ಉಕ್ಕು ಮಾಡುತ್ತಿದ್ದುದನ್ನೂ ವಿವರವಾಗಿ ಬರೆದಿಟ್ಟನು.

"ಪರಕೀಯನೊಬ್ಬ ಬರೆದದ್ದನ್ನು ನಂಬಬೇಕೇ?" ಎಂದು ಸಂಪಾದಕರಲ್ಲೊಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ಬುಕಾನನ್ ನಮ್ಮ ಮೇಲಿನ ಪ್ರೀತಿಯಿಂದ ಬಂದವನಲ್ಲ. ಹೊಸದಾಗಿ ಕೈಗೆ ಬಂದ ನಾಡಿನಲ್ಲಿ ಕಂಪೆನಿಗೆ ಏನು ಲಾಭವಿದೆಯೆಂದು ಲೆಕ್ಕ ಹಾಕಲು ಬಂದವನು. ಆ ಕಾರಣಕ್ಕಾಗಿಯೇ ಈ ವಿಷಯದಲ್ಲಿ ಅವನ ಮಾತಿಗೆ ಬೆಲೆಯಿದೆ. ನಮ್ಮ ದೇವರ ಬಗ್ಗೆ, ಆಚಾರದ ಬಗ್ಗೆ ಅವನು ಬರೆದುದನ್ನು ಬೇಕಾದರೆ ಬದಿಗಿಡಿ. ಕುಲುಮೆಗೆ ಎಷ್ಟು ಇದ್ದಿಲು ಬೇಕು, ಆಳಿಗೆ ಎಷ್ಟು ಕೂಲಿ, ಕಬ್ಬಿಣ ಯಾವ ಬೆಲೆಗೆ ಮಾರುತ್ತದೆ ಎಂಬುದನ್ನು ಅವನು ಕೇಳಿ ಬರೆದುಕೊಂಡದ್ದು ತನ್ನ ಒಡೆಯರ ಉಪಯೋಗಕ್ಕೆ. ಇಲ್ಲದ ಉದ್ಯಮವನ್ನು ಇದೆಯೆಂದು ಬರೆದರೆ ಅವನಿಗೆ ಬರುವ ಲಾಭವೇನು?

ಇನ್ನು ಆ ಉದ್ಯಮದ ವಿಷಯ. ನಮ್ಮ ಕಡೆ ಕಬ್ಬಿಣಕ್ಕಾಗಿ ಯಾರೂ ದೊಡ್ಡ ಗಣಿ ತೋಡಲಿಲ್ಲ. ಮಳೆಗಾಲದಲ್ಲಿ ಬೆಟ್ಟದ ಕಲ್ಲಿನಿಂದ ಕಿತ್ತು ಹಳ್ಳಗಳಲ್ಲಿ ಹರಿದುಬರುವ ಕರಿಮರಳೇ ಅವರ ಅದಿರು. ನನ್ನ ವಿದ್ಯಾರ್ಥಿಗಳಿಗೆ ಇದು ಚೆನ್ನಾಗಿ ನೆನಪಿರಬೇಕು. ಕಾಂತತ್ವದ ಪಾಠದ ದಿನ ಪ್ರಯೋಗಶಾಲೆಯ ದಂಡಕಾಂತವನ್ನು ದಾರಕ್ಕೆ ಕಟ್ಟಿ ಶಾಲೆಯ ಹಿಂದಿನ ಹಳ್ಳದಲ್ಲಿ ಎಳೆದುಕೊಂಡು ಹೋಗುತ್ತಿದ್ದಿರಿ. ಅದರ ತುದಿಗೆ ಕರಿಯ ಗಡ್ಡ ಬೆಳೆದಂತೆ ಪುಡಿ ಮೆತ್ತಿಕೊಳ್ಳುತ್ತಿತ್ತು. ಅದನ್ನು ಕಾಗದದ ಮೇಲೆ ಉದುರಿಸಿ ಕಾಂತರೇಖೆಗಳನ್ನು ನೋಡಿ ಚೆಲ್ಲುತ್ತಿದ್ದೆವು. ಆ ಚೆಲ್ಲಿದ ಪುಡಿಯೇ ಹಿಂದಿನವರ ಬಂಡವಾಳ. ಮರಳನ್ನು ನೀರಿನಲ್ಲಿ ತೊಳೆದಾಗ ಹಗುರವಾದ ಮಣ್ಣು ಹರಿದುಹೋಗಿ ಭಾರವಾದ ಕರಿಪುಡಿ ತಳದಲ್ಲಿ ನಿಲ್ಲುತ್ತದೆ. ಅಕ್ಕಿಯಲ್ಲಿ ಕಲ್ಲು ಗಾಳಿಸುವುದಕ್ಕೂ ಇದಕ್ಕೂ ಇರುವ ಸೂತ್ರ ಒಂದೇ.

ಹೀಗೆ ತೊಳೆದ ಪುಡಿಯನ್ನೂ ಇದ್ದಿಲನ್ನೂ ಒಂದರ ಮೇಲೊಂದರಂತೆ ಮಣ್ಣಿನ ಕುಲುಮೆಗೆ ತುಂಬಿ, ಚರ್ಮದ ತಿದಿಗಳಿಂದ ಬಿಡುವಿಲ್ಲದೆ ಗಾಳಿ ಊದಬೇಕು. ಇದ್ದಿಲು ಉರಿದು ಬರುವ ಅನಿಲವು ಅದಿರಿನಲ್ಲಿರುವ ಆಮ್ಲಜನಕವನ್ನು ಸೆಳೆದುಕೊಳ್ಳುತ್ತದೆ. ಕಲ್ಲುಮಣ್ಣಿನ ಅಂಶ ಕರಗಿ ಕಿಟ್ಟವಾಗಿ ಹೊರಗೆ ಹರಿಯುತ್ತದೆ. ಕಬ್ಬಿಣ ಮಾತ್ರ ಈ ಶಾಖಕ್ಕೆ ಪೂರ್ತಿ ನೀರಾಗದೆ, ತೂತುತೂತಾದ ಮುದ್ದೆಯಾಗಿ ತಳದಲ್ಲಿ ಕೂಡಿಕೊಳ್ಳುತ್ತದೆ. ಕುಲುಮೆಯ ಬಾಯಿ ಒಡೆದು, ಆ ಮುದ್ದೆಯನ್ನು ಇಕ್ಕಳದಲ್ಲಿ ಎಳೆದು, ಕೆಂಪಗಿರುವಾಗಲೇ ಬಡಿದು ಒಳಗಿನ ಕಿಟ್ಟವನ್ನು ಹೊರಹಾಕಬೇಕು. ಇಲ್ಲಿ ಎಷ್ಟು ಜನರ ಕೆಲಸವಿದೆ ನೋಡಿ. ಮರಳು ತರುವವರು ಬೇರೆ, ಕಾಡಿನಲ್ಲಿ ಮರ ಕಡಿದು ಇದ್ದಿಲು ಸುಡುವವರು ಬೇರೆ, ತಿದಿ ಒತ್ತುವವರು ಬೇರೆ, ಕುಲುಮೆಯ ಹದ ನೋಡುವವನು ಬೇರೆ, ಬಡಿಯುವವರು ಬೇರೆ. ಇದನ್ನು ಕೈಗಾರಿಕೆಯೆನ್ನದೆ ಮತ್ತೇನೆನ್ನಬೇಕು?

ಇದಕ್ಕೂ ಮೇಲಿನ ಹಂತ ಉಕ್ಕಿನದು. ಬಡಿದ ಕಬ್ಬಿಣದ ತುಂಡನ್ನು ಮಣ್ಣಿನ ಮೂಸೆಯಲ್ಲಿಟ್ಟು, ಜೊತೆಗೆ ತಂಗಡಿ ಕಡ್ಡಿಯನ್ನೂ ಒಂದೆರಡು ಹಸಿರೆಲೆಯನ್ನೂ ಹಾಕಿ, ಬಾಯನ್ನು ಮಣ್ಣಿನಿಂದ ಮುಚ್ಚಿ, ಹಲವು ಮೂಸೆಗಳನ್ನು ಒಟ್ಟಿಗೆ ಕುಲುಮೆಯಲ್ಲಿ ಜೋಡಿಸಿ ಉರಿ ಹಾಕುತ್ತಿದ್ದರು. ತಂಗಡಿಯೆಂದರೆ ಬೇರೇನಲ್ಲ, ಬಯಲಿನಲ್ಲಿ ಹಳದಿ ಹೂ ಬಿಟ್ಟುಕೊಂಡು ನಿಂತಿರುವ, ಚರ್ಮ ಹದಮಾಡಲು ತೊಗಟೆ ಕೀಳುತ್ತಿದ್ದ ಆವರಿಕೆ ಗಿಡ. ಗಾಳಿಯಾಡದ ಮೂಸೆಯಲ್ಲಿ ಆ ಕಡ್ಡಿ ಇಂಗಾಲವಾಗಿ ಕಬ್ಬಿಣದೊಳಕ್ಕೆ ಸೇರುತ್ತದೆ. ನೂರಕ್ಕೆ ಒಂದರಿಂದ ಎರಡು ಪಾಲಿನಷ್ಟು ಇಂಗಾಲ ಸೇರಿದರೆ ಮೆತ್ತನೆಯ ಕಬ್ಬಿಣ ಗಟ್ಟಿ ಉಕ್ಕಾಗುತ್ತದೆ. ಇಂಗಾಲವೆಂಬ ಹೆಸರು ಅವರಿಗೆ ತಿಳಿದಿರಲಿಲ್ಲ, ನಿಜ. ಎಷ್ಟು ಕಡ್ಡಿ ಹಾಕಬೇಕೆಂಬುದು ತಿಳಿದಿತ್ತು.

ಈ ಉಕ್ಕಿನ ಕೀರ್ತಿ ಎಲ್ಲಿಯವರೆಗೆ ಹೋಯಿತೆಂಬುದನ್ನೂ ಹೇಳಬೇಕು. ದಕ್ಷಿಣ ಭಾರತದ ಮೂಸೆಯುಕ್ಕನ್ನು ಇಂಗ್ಲಿಷಿನವರು 'ವೂಟ್ಜ್' ಎಂದು ಕರೆದರು. ಅದು ನಮ್ಮ 'ಉಕ್ಕು' ಶಬ್ದವೇ ಕೆಟ್ಟು ಆದ ರೂಪವೆಂದು ಬಲ್ಲವರ ಅಭಿಪ್ರಾಯ. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವಿಜ್ಞಾನಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಇದರ ಮೇಲೆ ಪ್ರಬಂಧ ಓದಿದನು. 1820ರ ಸುಮಾರಿಗೆ ಮೈಕೆಲ್ ಫ್ಯಾರಡೆಯು ಸ್ಟೋಡಾರ್ಟ್ ಎಂಬ ಕತ್ತಿ-ಚಾಕು ತಯಾರಕನ ಜೊತೆ ಸೇರಿ ಇದರ ಗುಟ್ಟು ಒಡೆಯಲು ಪ್ರಯೋಗ ಮಾಡಿದನು. ವಿದ್ಯುತ್ ಪ್ರೇರಣೆಯ ನಿಯಮಕ್ಕಾಗಿ ನಿಮ್ಮಿಂದ ನೂರು ಸಲ ಬಾಯಿಪಾಠ ಮಾಡಿಸಿದೆನಲ್ಲ, ಅದೇ ಫ್ಯಾರಡೆ, ಕಮ್ಮಾರನ ಮಗ. ಈ ಉಕ್ಕೆಲ್ಲ ನಮ್ಮ ಹೋಬಳಿಯದೇ ಎಂದು ನಾನು ಜಂಬ ಕೊಚ್ಚುವುದಿಲ್ಲ. ಸೇಲಂ ಕಡೆಯಲ್ಲಿ, ತೆಲಂಗಾಣದಲ್ಲಿ ಇದು ಇನ್ನೂ ದೊಡ್ಡದಾಗಿ ನಡೆಯುತ್ತಿತ್ತು. ಆದರೆ ಜಗತ್ತಿನ ದೊಡ್ಡ ವಿಜ್ಞಾನಿಗಳು ತಲೆ ಕೆಡಿಸಿಕೊಂಡ ಒಂದು ವಿದ್ಯೆ ನಮ್ಮ ಬೆಟ್ಟದ ಬುಡದಲ್ಲೂ ಇತ್ತೆಂಬುದಕ್ಕೆ ಅರ್ಧ ಪುಟವನ್ನೂ ಕೊಡದೆ, ರಸಗೊಬ್ಬರದ ಅಂಗಡಿಯ ಉದ್ಘಾಟನೆಗೆ ಎರಡು ಪುಟ ಕೊಟ್ಟಿರುವುದನ್ನು ಏನೆನ್ನಲಿ?

ಇಷ್ಟೆಲ್ಲ ಇದ್ದದ್ದು ನಿಂತುಹೋದದ್ದೇಕೆ? ಕರಡಿನಲ್ಲಿ ಇದಕ್ಕೂ ಒಂದು ಉತ್ತರ ಅಡಗಿದೆ: ನಮ್ಮ ಹಿರಿಯರಿಗೆ ಉದ್ಯಮಶೀಲತೆ ಇರಲಿಲ್ಲವಂತೆ. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ದೊಡ್ಡ ಕುಲುಮೆಗಳಲ್ಲಿ ಕಲ್ಲಿದ್ದಲಿನ ಕೋಕ್‌ನಿಂದ ತಯಾರಾದ ಕಬ್ಬಿಣ ಹಡಗಿನಲ್ಲಿ ಬಂದು, ಅನಂತರ ರೈಲಿನಲ್ಲಿ ಒಳನಾಡಿನ ಸಂತೆಗಳನ್ನು ಮುಟ್ಟಿತು. ಬೆಲೆಯಲ್ಲಿ ಅದರ ಜೊತೆ ಸೆಣಸಲು ಯಾವ ಹಳ್ಳಿಯ ಕುಲುಮೆಗೂ ಸಾಧ್ಯವಿರಲಿಲ್ಲ. ಇತ್ತ 1860ರ ದಶಕದಲ್ಲಿ ಮೈಸೂರಿನಲ್ಲಿ ಅರಣ್ಯ ಇಲಾಖೆ ಸ್ಥಾಪನೆಯಾಗಿ, ಕಾಡು ಸರಕಾರದ ಕಟ್ಟುಪಾಡಿಗೆ ಒಳಗಾಯಿತು. ಇದ್ದಿಲಿಲ್ಲದೆ ಕುಲುಮೆಯಿಲ್ಲ. ಮೇಲಿನಿಂದ ಬೆಲೆ ಬಿತ್ತು, ಕೆಳಗಿನಿಂದ ಸೌದೆ ತಪ್ಪಿತು. ಇದರ ನಡುವೆ ಉದ್ಯಮಶೀಲತೆ ಇದ್ದು ಮಾಡುವುದೇನು? 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದಾಗ ಅಲ್ಲಿಯ ಕುಲುಮೆಯೂ ಉರಿದದ್ದು ಮಲೆನಾಡಿನ ಮರದ ಇದ್ದಿಲಿನಿಂದಲೇ. ಸರಕಾರ ಬೆನ್ನಿಗೆ ನಿಂತರೆ ಇದ್ದಿಲಿನ ಕಬ್ಬಿಣವೂ ಆಧುನಿಕ ಕೈಗಾರಿಕೆ. ಬೆಟ್ಟದ ಬುಡದ ಬಡವನು ಮಾಡಿದರೆ ಅದು ಇತಿಹಾಸದಲ್ಲಿ ಇಲ್ಲವೇ ಇಲ್ಲ!

ನಮ್ಮ ಬೆಟ್ಟಗಳು ಇಂದು ಬೋಳಾಗಿರುವುದಕ್ಕೆ ಈ ಕುಲುಮೆಗಳ ಪಾಲೂ ಇದೆ. ಒಂದು ಮುದ್ದೆ ಕಬ್ಬಿಣಕ್ಕೆ ಅದರ ಹಲವು ಪಟ್ಟು ತೂಕದ ಇದ್ದಿಲು, ಆ ಇದ್ದಿಲಿಗೆ ಅದರ ಹಲವು ಪಟ್ಟು ಹಸಿ ಮರ. ಈ ಲೆಕ್ಕವೂ ಸಂಚಿಕೆಯಲ್ಲಿ ಬರಲಿ. ಹೊಗಳುವುದಕ್ಕಾಗಿ ಬರೆಯಿರಿ ಎಂದು ನಾನು ಹೇಳುತ್ತಿಲ್ಲವಲ್ಲ.

ಕಬ್ಬಿಣದ ಮಾತು ಉದ್ದವಾಯಿತು. ಉಳಿದವುಗಳನ್ನೂ ನೋಡೋಣ. ಬುಕಾನನ್ನನ ಗ್ರಂಥದಲ್ಲೇ ಇಂದಿನ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಬಳೆಯ ಗಾಜು ಮಾಡುತ್ತಿದ್ದ ವರ್ಣನೆಯಿದೆ: ಬಿಳಿಗಲ್ಲಿನ ಪುಡಿ, ಸವುಳು ನೆಲದಿಂದ ತೆಗೆದ ಕ್ಷಾರ, ಬಣ್ಣಕ್ಕೆ ಲೋಹಗಳು. ಚನ್ನಪಟ್ಟಣವೆಂದರೆ ನಾವು ಬಣ್ಣದ ಗೊಂಬೆ ಮಾತ್ರ ಎಂದುಕೊಂಡಿದ್ದೇವೆ. ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಯನ್ನೂ ಅಲ್ಲಿ ಎಳೆಯುತ್ತಿದ್ದರು, ಅದಕ್ಕೆ ದೂರದೂರದಿಂದ ಬೇಡಿಕೆಯಿತ್ತು. ಉಪ್ಪಾರರು ಸವುಳು ಮಣ್ಣನ್ನು ನೀರಿನಲ್ಲಿ ಕದಡಿ, ಸೋಸಿ, ಬಿಸಿಲಿಗೆ ಆರಿಸಿ ಉಪ್ಪು ತೆಗೆಯುತ್ತಿದ್ದರು. ಕುರುಬರು ಕುರಿಯ ತುಪ್ಪಟ ಕತ್ತರಿಸಿ, ನೂತು, ಕಂಬಳಿ ನೇಯುತ್ತಿದ್ದರು. ಸೆಣಬು ಬೆಳೆದು, ಕೊಳೆಹಾಕಿ, ನಾರು ಬಿಡಿಸಿ ಗೋಣಿ ನೇಯುವವರಿದ್ದರು. ಎತ್ತಿನ ಬೆನ್ನ ಮೇಲೆ ಸರಕು ಸಾಗುತ್ತಿದ್ದ ಕಾಲದಲ್ಲಿ ಗೋಣಿಯಿಲ್ಲದೆ ವ್ಯಾಪಾರವೇ ಇಲ್ಲ. ನಮ್ಮ ಊರಿನ ಹಿಂದಿನ ಬೀದಿಯಲ್ಲಿ ಗೋಣಿ ನೇಯುವುದನ್ನು ನಾನೇ ಚಿಕ್ಕಂದಿನಲ್ಲಿ ಕಂಡಿದ್ದೇನೆ.

ಇನ್ನು ಗಾಣ. ನಮ್ಮ ನಾಡಿನ ಶಾಸನಗಳಲ್ಲಿ ಗಾಣದೆರೆ, ಮಗ್ಗದೆರೆ ಎಂಬ ಶಬ್ದಗಳು ಮತ್ತೆ ಮತ್ತೆ ಬರುತ್ತವೆ. ಗಾಣಕ್ಕೆ ಹಾಕಿದ ತೆರಿಗೆ, ಮಗ್ಗಕ್ಕೆ ಹಾಕಿದ ತೆರಿಗೆ. ದೇವರ ನಂದಾದೀಪಕ್ಕೆ ಎಣ್ಣೆ ಸಲ್ಲಲೆಂದು ಕಲ್ಲುಗಾಣ ಮಾಡಿಸಿಕೊಟ್ಟು, ಆ ಗಾಣದ ಕಲ್ಲಿನ ಮೇಲೆಯೇ ದಾನದ ಮಾತು ಕೆತ್ತಿಸಿದ ಶಾಸನಗಳು ಹಳೆಯ ಮೈಸೂರಿನ ಹಲವೆಡೆ ದೊರೆತಿವೆ. ಬಿ.ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡನೆಯ ಸಂಪುಟ ನಮ್ಮ ತುಮಕೂರು ಜಿಲ್ಲೆಯದೇ, 1904ರಲ್ಲಿ ಪ್ರಕಟವಾದುದು. ಸಂಪಾದಕ ಮಂಡಳಿಯಲ್ಲಿ ಅದನ್ನು ಒಬ್ಬರಾದರೂ ತೆರೆದು ನೋಡಿದ್ದಾರೆಯೇ? ಅರಸನು ಇಲ್ಲದ ವಸ್ತುವಿಗೆ ತೆರಿಗೆ ಹಾಕುವುದಿಲ್ಲ. ತೆರಿಗೆ ಹಾಕುವಷ್ಟು ಆದಾಯ ಗಾಣದಿಂದ, ಮಗ್ಗದಿಂದ ಬರುತ್ತಿತ್ತೆಂದೇ ಅದರ ಅರ್ಥ.

ಹೆಂಗಸರ ದುಡಿಮೆಯಂತೂ ಐದನೆಯ ಅಧ್ಯಾಯದಲ್ಲಿ ಹುಡುಕಿದರೂ ಸಿಗದು. ಬೆಂಗಳೂರಿನ ಕಡೆಯ ನೇಯ್ಗೆಯ ಬಗ್ಗೆ ಬರೆಯುತ್ತ ಬುಕಾನನ್, ಬ್ರಾಹ್ಮಣರನ್ನು ಬಿಟ್ಟು ಉಳಿದೆಲ್ಲ ಜಾತಿಗಳ ಹೆಂಗಸರು ವಾರದ ಸಂತೆಯಲ್ಲಿ ಹತ್ತಿ ಕೊಂಡು, ಮನೆಯಲ್ಲಿ ನೂತು, ಮತ್ತೆ ಸಂತೆಯಲ್ಲಿ ನೂಲನ್ನು ನೇಕಾರರಿಗೆ ಮಾರುತ್ತಿದ್ದರೆಂದು ಹೇಳುತ್ತಾನೆ. ಕಚ್ಚಾವಸ್ತು ಕೊಂಡರು, ಕೆಲಸ ಮಾಡಿದರು, ಮಾರಿ ಹಣ ಕೈಯಲ್ಲಿ ಹಿಡಿದರು. ಇವರು ಉದ್ಯಮಿಗಳಲ್ಲವೇ? ಇವರ ಭಾವಚಿತ್ರ ಹಾಕಲು ಸಾಧ್ಯವಿಲ್ಲ, ಒಪ್ಪಿದೆ. ಒಂದು ವಾಕ್ಯ ಹಾಕಬಹುದಲ್ಲ!

ಅಕ್ಕಿ ಗಿರಣಿಗೇ ಬರೋಣ. ಗಿರಣಿಯ ಸ್ಥಾಪಕರ ಮೇಲೆ ನನಗೆ ಗೌರವವಿದೆ. ಸಾಲ ಮಾಡಿ, ಯಂತ್ರ ತಂದು, ನಷ್ಟವನ್ನೂ ತಿಂದು ನಡೆಸಿದವರು. ಆದರೆ ಗಿರಣಿ ಬರುವ ಮೊದಲು ಊರಿನ ಭತ್ತ ಅಕ್ಕಿಯಾಗುತ್ತಿದ್ದುದು ಹೇಗೆ? ಒನಕೆಯಿಂದ. ಸ್ಥಿತಿವಂತರ ಮನೆಯ ಭತ್ತವನ್ನು ಬಡ ಹೆಂಗಸರು ಕೂಲಿಗೆ ಕುಟ್ಟುತ್ತಿದ್ದರು; ಕೂಲಿಯಾಗಿ ಅಕ್ಕಿ, ನುಚ್ಚು, ತೌಡು ಪಡೆಯುತ್ತಿದ್ದರು. ಗಿರಣಿ ಬಂದು ಆ ಕೂಲಿ ಹೋಯಿತು. ಇದು ನನ್ನ ಕಲ್ಪನೆಯ ಚಿಂತೆಯಲ್ಲ. 1934ರಲ್ಲಿ ವರ್ಧಾದಲ್ಲಿ ಗಾಂಧೀಜಿಯವರು ಅಖಿಲ ಭಾರತ ಗ್ರಾಮೋದ್ಯೋಗ ಸಂಘವನ್ನು ಸ್ಥಾಪಿಸಿದಾಗ, ಜೆ.ಸಿ. ಕುಮಾರಪ್ಪನವರು ಅದನ್ನು ನಡೆಸಿದಾಗ, ಅವರು ಕೈಗೆತ್ತಿಕೊಂಡ ಕೆಲಸಗಳಲ್ಲಿ ಕುಟ್ಟಿದ ಅಕ್ಕಿಯೂ ಗಾಣದ ಎಣ್ಣೆಯೂ ಮುಖ್ಯವಾಗಿದ್ದವು. 1958ರಲ್ಲಿ ಸಂಸತ್ತು ಅಕ್ಕಿ ಗಿರಣಿಗಳ ನಿಯಂತ್ರಣಕ್ಕೆ ಒಂದು ಕಾಯಿದೆಯನ್ನೇ ಮಾಡಿತು. ಕೈಯಲ್ಲಿ ಭತ್ತ ಕುಟ್ಟುವವರ ಜೀವನದ ಪ್ರಶ್ನೆ ಅದರ ಹಿಂದಿತ್ತು. ಆ ಕಾಯಿದೆ 1997ರಲ್ಲಿ ರದ್ದಾಯಿತು. ಗಿರಣಿ ಬರಬಾರದಿತ್ತು ಎಂದು ನಾನು ವಾದಿಸುತ್ತಿಲ್ಲ. ಒನಕೆ ಹಿಡಿದು ಅಂಗೈ ಬೊಬ್ಬೆ ಬಂದ ಹೆಂಗಸರನ್ನು ನಾನು ಕಂಡಿದ್ದೇನೆ. ಆ ಕಷ್ಟ ಹಿಂತಿರುಗಿ ಬರಲೆಂದು ಯಾರೂ ಹರಸಲಾರರು. ಆದರೆ ಇದ್ದ ಒಂದು ದುಡಿಮೆಯ ಜಾಗದಲ್ಲಿ ಇನ್ನೊಂದು ಬಂದದ್ದನ್ನು, ಬರಿಯ ಬಯಲಿನಲ್ಲಿ ಮೊದಲ ಬಾರಿಗೆ ಉದ್ಯಮ ಹುಟ್ಟಿತೆಂದು ಬರೆಯಬಾರದು.

ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಯವರನ್ನೂ ಬಿಡುವಂತಿಲ್ಲ. ನನ್ನ ತಕರಾರಿನ ಸುದ್ದಿ ತಿಳಿದ ಕೂಡಲೆ ಬೆಂಗಳೂರಿನಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬ ಸಂತೋಷದಿಂದ ಬರೆದಿದ್ದಾನೆ: ಹಿಂದೆ ನಮ್ಮ ಹಳ್ಳಿಗಳು ಸ್ವಯಂಪೂರ್ಣವಾಗಿದ್ದವು, ಯಾರಿಗೂ ಕೊರತೆಯಿರಲಿಲ್ಲ, ಎಲ್ಲವನ್ನೂ ಹೊರಗಿನವರು ಕೆಡಿಸಿದರು ಎಂದು ಸೇರಿಸಬೇಕಂತೆ. ಇದೂ ಬೇಡ. ಹಳ್ಳಿಗಳೆಂದರೆ ಹೊರಗಿನ ಹಂಗಿಲ್ಲದ ಪುಟ್ಟ ಗಣರಾಜ್ಯಗಳು ಎಂಬ ಕಲ್ಪನೆಯನ್ನು ಜನಪ್ರಿಯಗೊಳಿಸಿದವನು ಚಾರ್ಲ್ಸ್ ಮೆಟ್ಕಾಫ್ ಎಂಬ ಇಂಗ್ಲಿಷ್ ಅಧಿಕಾರಿಯೇ, 1830ರ ತನ್ನ ಟಿಪ್ಪಣಿಯಲ್ಲಿ. ನಮ್ಮ ಹೆಮ್ಮೆಯೆಂದು ಎದೆಗೊತ್ತಿಕೊಳ್ಳುವ ಮಾತು ಅವರ ದಫ್ತರದಿಂದ ಬಂದದ್ದು!

ವಾಸ್ತವದಲ್ಲಿ ಎರಡು ಬಗೆಯ ಕಸುಬುದಾರರಿದ್ದರು. ಆಯಗಾರರು ಒಂದು ಬಗೆ: ಕಮ್ಮಾರ, ಬಡಗಿ, ಕುಂಬಾರ, ಅಗಸ ಮೊದಲಾದವರು. ಇವರು ವರ್ಷವಿಡೀ ಊರಿನ ಕೆಲಸ ಮಾಡಿ ಸುಗ್ಗಿಯಲ್ಲಿ ಕಣದ ಬಳಿ ಆಯ ಪಡೆಯುತ್ತಿದ್ದರು. ನೇಗಿಲ ಗುಳ ಬಡಿಯುವ ಕಮ್ಮಾರ ಆಯಗಾರ. ಆದರೆ ಅವನ ಕೈಗೆ ಬರುವ ಕಬ್ಬಿಣವನ್ನು ಕರಗಿಸಿದವನು ಆಯಗಾರನಲ್ಲ. ಅವನದು ಮಾರಾಟದ ವ್ಯವಹಾರ. ಗೋಣಿಯವನದು, ಕಂಬಳಿಯವನದು, ನೇಕಾರನದು ಹಾಗೆಯೇ. ಇವರೆಲ್ಲ ಸಂತೆಯನ್ನು ನಂಬಿದವರು, ಸಂತೆ ಬಿದ್ದರೆ ತಾವೂ ಬಿದ್ದವರು. ಸಾಹುಕಾರನಿಂದ ಮುಂಗಡ ಪಡೆದು, ಅವನು ಹೇಳಿದ ಬೆಲೆಗೆ ಬಟ್ಟೆ ಕೊಡುವ ನೇಕಾರರ ವಿಷಯ ಬುಕಾನನ್ನನ ಕಾಲದಲ್ಲೂ ಇತ್ತು, ನನ್ನ ಕಾಲದಲ್ಲೂ ಇತ್ತು. ಕೊರತೆಯೇ ಇಲ್ಲದ ಕಾಲ ಯಾವುದು? ತಿದಿ ಒತ್ತುವವನನ್ನು ಕೇಳಿದ್ದರೆ ಹೇಳುತ್ತಿದ್ದ.

ಏನೂ ಇರಲಿಲ್ಲ ಎನ್ನುವವರೂ ಎಲ್ಲವೂ ಇತ್ತು ಎನ್ನುವವರೂ ಒಂದೇ ಕೆಲಸ ಮಾಡುತ್ತಿದ್ದಾರೆ. ಇಬ್ಬರಿಗೂ ದುಡಿದವರ ಹೆಸರು ಬೇಡ, ಮನೆ ಬೇಡ, ಬೀದಿ ಬೇಡ. ಇದರ ಹಿಂದಿನ ಕಾರಣವನ್ನು ಬಾಯಿ ಬಿಟ್ಟು ಹೇಳಿಯೇಬಿಡುತ್ತೇನೆ. ಈ ಉದ್ಯಮಗಳನ್ನು ನಡೆಸಿದವರು ಊರಿನ ಮುಂದಿನ ಬೀದಿಯವರಲ್ಲ. ಸಂಪಾದಕ ಮಂಡಳಿಯ ಏಳು ಜನರಲ್ಲಿ ಹಿಂದಿನ ಬೀದಿಯವರು ಒಬ್ಬರೂ ಇಲ್ಲ. ಅಧ್ಯಾಯವನ್ನು ಯಾರೂ ಬೇಕೆಂದು ಹಾಗೆ ಬರೆಯಲಿಲ್ಲವೆಂದೆ. ಬೇಕೆಂದು ಬರೆಯುವ ಅಗತ್ಯವೇ ಬೀಳಲಿಲ್ಲ. ತಮ್ಮ ಮನೆಯ ಜಗಲಿಯಿಂದ ಕಾಣುವಷ್ಟನ್ನು ಊರೆಂದುಕೊಂಡು ಬರೆದರು, ಅಷ್ಟೆ.

ಇದರಿಂದ ಆಗುವ ನಷ್ಟ ಏನೆಂದು ಕೇಳುವಿರಾದರೆ ಒಂದು ಪ್ರಸಂಗ ಹೇಳುತ್ತೇನೆ. ಎಂಬತ್ತರ ದಶಕದ ಕೊನೆಯಲ್ಲಿ ಒಂಬತ್ತನೆಯ ತರಗತಿಯವರಿಗೆ 'ನನ್ನ ಅಜ್ಜ' ಎಂಬ ಪ್ರಬಂಧ ಬರೆಯಲು ಹೇಳಿದ್ದೆ. ಕನ್ನಡದ ಮೇಷ್ಟರು ರಜೆಯಲ್ಲಿದ್ದುದರಿಂದ ಆ ಪಿರಿಯಡ್ ನನ್ನ ಪಾಲಿಗೆ ಬಂದಿತ್ತು. ಹಿಂದಿನ ಬೀದಿಯ ಹುಡುಗನೊಬ್ಬ ನಾಲ್ಕು ಸಾಲು ಬರೆದಿದ್ದ. ಅಜ್ಜನ ಕೆಲಸ 'ಕೂಲಿ' ಎಂದಿತ್ತು. ಅವನ ಅಜ್ಜ ನಮ್ಮ ಹೋಬಳಿಯಲ್ಲೇ ಗೋಣಿ ನೇಯುವುದರಲ್ಲಿ ಹೆಸರಾದವನು. ಅವನ ಗೋಣಿಯಲ್ಲಿ ರಾಗಿ ತುಂಬಿದರೆ ಒಂದು ಕಾಳೂ ಸೋರದೆಂದು ಸಂತೆಯಲ್ಲಿ ಹೆಚ್ಚು ಬೆಲೆ ಕೊಡುತ್ತಿದ್ದರು. ಹಾಗೆಂದು ಬರೆಯಬಹುದಿತ್ತಲ್ಲವೇ ಎಂದು ಕೇಳಿದರೆ ಹುಡುಗ ತಲೆ ತಗ್ಗಿಸಿ ನಿಂತ. ಪಕ್ಕದ ಬೆಂಚಿನವರು ನಕ್ಕರು. ಅವರಲ್ಲೊಬ್ಬನ ಅಜ್ಜನ ಚಿತ್ರ ಈ ಸಂಚಿಕೆಯ ಐದನೆಯ ಅಧ್ಯಾಯದಲ್ಲಿದೆ. ಸಂಚಿಕೆ ಶಾಲೆಯ ಗ್ರಂಥಾಲಯಕ್ಕೂ ಹೋಗಲಿದೆಯಂತೆ. ಮುಂದಿನ ವರ್ಷ 'ನಮ್ಮ ಊರು' ಎಂಬ ಪ್ರಬಂಧಕ್ಕೆ ಮಕ್ಕಳು ಅದರಿಂದಲೇ ನಕಲು ಮಾಡುತ್ತಾರೆ. ಹಿಂದಿನ ಬೀದಿಯ ಮಕ್ಕಳೂ ಮಾಡುತ್ತಾರೆ.

ಬರಹದ ಮಾತು ಹೋಗಲಿ. ನೆಲದ ಮೇಲಿನ ಸಾಕ್ಷಿಯೂ ಹೋಗುತ್ತಿದೆ. ಕೆರೆಕೋಡಿಯ ಆಚೆ ಕಿಟ್ಟದ ಗುಡ್ಡೆಯಿದೆಯಲ್ಲ, ನಾವು ಆಡುವಾಗ ಕಾಲಿಗೆ ಚುಚ್ಚುತ್ತಿದ್ದ ಕರಿಯ ತೂತುಗಲ್ಲುಗಳ ದಿಬ್ಬ, ಅದೇ ಹಳೆಯ ಕುಲುಮೆಗಳ ಕಸ. ಅದರ ಅರ್ಧ ಭಾಗ ಕಳೆದ ಬೇಸಿಗೆಯಲ್ಲಿ ಟ್ರ್ಯಾಕ್ಟರಿನಲ್ಲಿ ಹೋಗಿ ಹೊಸ ಬಡಾವಣೆಯ ರಸ್ತೆಗೆ ಬಿದ್ದಿತು. ತಿದಿಯ ಗಾಳಿ ಹೋಗುತ್ತಿದ್ದ ಸುಟ್ಟ ಮಣ್ಣಿನ ಕೊಳವೆಯ ಚೂರುಗಳನ್ನು ನಾನು ಆ ರಸ್ತೆಯ ಬದಿಯಲ್ಲಿ ಹೆಕ್ಕಿ ತಂದು ಮನೆಯಲ್ಲಿಟ್ಟಿದ್ದೇನೆ. ಅರಳಿಕಟ್ಟೆಯ ಹಿಂದಿದ್ದ ಕಲ್ಲುಗಾಣವನ್ನು ಒಡೆದು ಚರಂಡಿಗೆ ಹಾಸಿದ್ದಾರೆ. ಸಂಬಂಧಪಟ್ಟವರನ್ನು ಕೇಳಿದರೆ, "ಅದು ಯಾವ ಕೆಲಸಕ್ಕೆ ಬರುತ್ತದೆ, ಸಾರ್?" ಎಂದರು. ಊರಿನಲ್ಲಿ ಉದ್ಯಮವೇ ಇರಲಿಲ್ಲವೆಂದು ನಾವೇ ಅಚ್ಚು ಹಾಕಿಸಿದ ಮೇಲೆ ಅವರಿಗೆ ನಾವು ಹೇಳುವುದಾದರೂ ಏನು?

ಆದುದರಿಂದ ನನ್ನ ಬೇಡಿಕೆ ಇಷ್ಟು. ಐದನೆಯ ಅಧ್ಯಾಯದ ಮೊದಲ ವಾಕ್ಯವನ್ನು ತೆಗೆಯಬೇಕು. ಜಾಹೀರಾತಿನ ಪುಟಗಳಲ್ಲಿ ನಾಲ್ಕನ್ನು ಕಡಿಮೆ ಮಾಡಿ ಕಬ್ಬಿಣ, ಗಾಣ, ಗೋಣಿ, ಕಂಬಳಿ, ನೂಲು, ಒನಕೆ ಇವುಗಳಿಗೆ ಕೊಡಬೇಕು. ಬರೆಯುವವರಿಲ್ಲ ಎನ್ನುವುದಾದರೆ ನಾನು ಬರೆದುಕೊಡುತ್ತೇನೆ. ಆ ಪುಟಗಳ ಮುದ್ರಣದ ವೆಚ್ಚವನ್ನು ನನ್ನ ಪಿಂಚಣಿಯಿಂದ ಭರಿಸಲೂ ಸಿದ್ಧ. ಮಂಡಳಿಗೆ ಹಿಂದಿನ ಬೀದಿಯಿಂದ ಇಬ್ಬರನ್ನಾದರೂ ಸೇರಿಸಿಕೊಳ್ಳಬೇಕು. ಮೇಲೆ ಹೇಳಿದ ಹುಡುಗ ಈಗ ಪದವಿಪೂರ್ವ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದಾನೆ, ಅವನಿಗಿಂತ ಯೋಗ್ಯರು ಯಾರು? ಉಳಿದಿರುವ ಅರ್ಧ ಕಿಟ್ಟದ ಗುಡ್ಡೆಯ ಅಳತೆ ತೆಗೆದು, ಚಿತ್ರ ತೆಗೆದು, ಅದನ್ನು ಮುಟ್ಟಬಾರದೆಂದು ಪಂಚಾಯಿತಿಗೆ ಮನವಿ ಕೊಡಬೇಕು. ಮನವಿಯ ಕರಡು ನನ್ನ ಬಳಿ ಸಿದ್ಧವಾಗಿದೆ. ಸಹಿ ಹಾಕುವವರು ದೀಪಾವಳಿಗೆ ಊರಿಗೆ ಬಂದಾಗ ಮನೆಗೆ ಬನ್ನಿ.

ನಿಮ್ಮ ಮನೆಗಳಲ್ಲಿ ಎಂಬತ್ತು ದಾಟಿದವರು ಯಾರಾದರೂ ಇದ್ದರೆ, ಸೆಣಬನ್ನು ಯಾವ ಕುಂಟೆಯಲ್ಲಿ ಎಷ್ಟು ದಿನ ಕೊಳೆಹಾಕುತ್ತಿದ್ದರು, ಒಂದು ಗೋಣಿಗೆ ಸಂತೆಯಲ್ಲಿ ಎಷ್ಟು ಸಿಗುತ್ತಿತ್ತು, ಗಾಣಕ್ಕೆ ದಿನಕ್ಕೆ ಎಷ್ಟು ಸೇರು ಹುಚ್ಚೆಳ್ಳು ಹಾಕುತ್ತಿದ್ದರು, ಹಿಂಡಿ ಯಾರ ಪಾಲಿಗೆ ಹೋಗುತ್ತಿತ್ತು, ಕೂಲಿಗೆ ಭತ್ತ ಕುಟ್ಟಿದರೆ ಪಲ್ಲಕ್ಕೆ ಎಷ್ಟು ಅಕ್ಕಿ ಕೊಡುತ್ತಿದ್ದರು ಎಂದು ಕೇಳಿ, ಅವರು ಹೇಳಿದ ಮಾತಿನಲ್ಲಿಯೇ ಬರೆದು ಕಳುಹಿಸಿ. ಅಕ್ಷರ ತಪ್ಪಿದ್ದರೂ ಅಂಕ ಕಳೆಯುವುದಿಲ್ಲ. ಸಂಚಿಕೆ ಅಚ್ಚಿಗೆ ಹೋಗುವುದು ಸಂಕ್ರಾಂತಿಯ ನಂತರ.